ಬರಿನೆಲದ ತಿಂಗಳುಗಳು

ನಮ್ಮ ಮನೆಯ ನೆಲಮಾಳಿಗೆಯಲ್ಲಿ ಈ ಹೊತ್ತು ಟಾಯ್ಲೆಟ್ ಪೇಪರಿನ 14 ದೊಡ್ಡ ಕಟ್ಟುಗಳಿವೆ. ಎಲ್ಲವೂ ಮಾರಾಟಕ್ಕೆ ಬಂದವು. ನಾರ್ವೆಯಲ್ಲಿ ಮಕ್ಕಳ ಬ್ಯಾಂಡು, ಫುಟ್‌ಬಾಲ್ ತಂಡ, ಸ್ಕೀ ಕ್ಲಬ್ಬು ಇವೆಲ್ಲ ಹಣ ಕೂಡಿಸುವ ಹಳೆಯ ದಾರಿಗಳಲ್ಲಿ ಇದೂ ಒಂದು. ಕೆಡುವ ವಸ್ತುವಲ್ಲ, ಬೇಡ ಎನ್ನುವ ಮನೆಯೂ ಇಲ್ಲ. ಮೊದಲ ವರ್ಷ ಮಗಳ ಜೊತೆ ಕಟ್ಟು ಹೊತ್ತುಕೊಂಡು ನೆರೆಯವರ ಬಾಗಿಲು ತಟ್ಟುವಾಗ ನನಗೆ ಬಹಳ ಸಂಕೋಚವಾಗಿತ್ತು. ಮೂರನೇ ಮಹಡಿಯಲ್ಲಿ ಬಾಗಿಲು ತೆರೆದ ವಯಸ್ಸಾದ ಹೆಂಗಸು ಕೇಳಿದ್ದು ಒಂದೇ ಮಾತು: "ಎಷ್ಟು ವರ್ಷದವರ ಗುಂಪು?" ಆರು ವರ್ಷದವರದು ಎಂದೆ. ತನ್ನ ಮಕ್ಕಳ ಗುಂಪಿಗಾಗಿ ತಾನೂ ಹೀಗೇ ಮಹಡಿ ಹತ್ತಿ ಇಳಿದವಳು ಎಂದು ಹೇಳಿ ಎರಡು ಕಟ್ಟು ಕೊಂಡರು. ಆ ಮೆಟ್ಟಿಲುಗಳನ್ನು ಇಳಿಯುವಾಗ, ಈ ಊರಿನಲ್ಲಿ ನನಗೂ ಒಂದು ಕೆಲಸ ಸಿಕ್ಕಿತು ಅನ್ನಿಸಿತು.

ಇಲ್ಲಿಯ ಕನ್ನಡ ಬಳಗದ ಸ್ಮರಣ ಸಂಚಿಕೆಗೆ, ನಾವು ಈ ದೇಶದಲ್ಲಿ ಬೇರು ಬಿಡಲು ನೆರವಾದ ಒಂದು ಸಂಸ್ಥೆಯ ಚರಿತ್ರೆ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ನನಗೆ ತೋಚಿದ್ದು ಬಡಾವಣೆಯ ಸ್ಕೀ ಕ್ಲಬ್ಬು. ಓಸ್ಲೊದ ಒಂದು ಕ್ಲಬ್ಬಿನ ಹೆಸರು ಹಿಡಿದು ನಾನು ಬರೆಯುತ್ತಿಲ್ಲ. ಕಾಡಿನ ಅಂಚಿನ ಬಹುತೇಕ ಬಡಾವಣೆಗಳಲ್ಲಿ ಅಂಥದ್ದೊಂದು ಇದೆ, ಅವುಗಳ ದಿನಚರಿಯಲ್ಲೂ ಹೆಚ್ಚು ವ್ಯತ್ಯಾಸವಿಲ್ಲ. ಅವು ಎಲ್ಲಿಂದ ಬಂದವು, ಯಾರ ದುಡಿಮೆಯಿಂದ ನಿಂತಿವೆ ಎಂಬುದನ್ನು ಹೇಳುವುದಷ್ಟೇ ನನ್ನ ಉದ್ದೇಶ. ಅದನ್ನು ಹೇಳಲು ಚಳಿಗಾಲಕ್ಕಿಂತ ಅದರ ಹಿಂದಿನ ತಿಂಗಳುಗಳೇ ಸರಿ. ಆಗಸ್ಟ್ ಮಧ್ಯದಲ್ಲಿ ಶಾಲೆ ಶುರುವಾದಾಗಿನಿಂದ ಮೊದಲ ಹಿಮ ನೆಲದಲ್ಲಿ ನಿಲ್ಲುವವರೆಗಿನ ಕಾಲಕ್ಕೆ ಇಲ್ಲಿಯವರು 'ಬಾರ್‌ಮಾರ್ಕ್' ಎನ್ನುತ್ತಾರೆ. ಬಾರ್ ಎಂದರೆ ಬರಿದು, ಮಾರ್ಕ್ ಎಂದರೆ ನೆಲ. ನಮ್ಮ 'ಬರಿನೆಲ' ಅದಕ್ಕೆ ಅಕ್ಷರಶಃ ಹೊಂದುತ್ತದೆ.

ನಾರ್ವೆಯವರ ಬಾಯಲ್ಲಿ ಸ್ಕೀ 'ಶೀ' ಆಗುತ್ತದೆ. ಹಳೆಯ ನಾರ್ಸ್ ಭಾಷೆಯಲ್ಲಿ ಆ ಪದಕ್ಕೆ ಸೀಳಿದ ಮರದ ತುಂಡು ಎಂಬ ಅರ್ಥವಿತ್ತು. ಬೇಟೆಗೆ, ಕಟ್ಟಿಗೆಗೆ, ಪಕ್ಕದ ಕಣಿವೆಯ ನೆಂಟರ ಮನೆಗೆ ಹೋಗಲು ಸಾವಿರಾರು ವರ್ಷ ಬಳಸಿದ ಈ ಹಲಗೆಗಳ ಸುತ್ತ ಸಂಘ ಕಟ್ಟಿದ್ದು ಮಾತ್ರ 19ನೇ ಶತಮಾನದಲ್ಲಿ. 1861ರಲ್ಲಿ ಸ್ವೀಡನ್ ಗಡಿಯ ತ್ರಿಸಿಲ್ ಎಂಬಲ್ಲಿ ಗುರಿಕಾರರೂ ಸ್ಕೀಗಾರರೂ ಸೇರಿ ಒಂದು ಸಂಘ ಮಾಡಿಕೊಂಡರು. ಅದೇ ವರ್ಷ ರಾಜಧಾನಿಯಲ್ಲಿ ಹುಟ್ಟಿದ ಕೇಂದ್ರ ಸಂಘದ ಹೆಸರಿನಲ್ಲೇ ದೇಹವ್ಯಾಯಾಮದ ಜೊತೆಗೆ ಶಸ್ತ್ರಾಭ್ಯಾಸವೂ ಇತ್ತು. ಅಂದರೆ ಆರಂಭದಲ್ಲಿ ಇದು ದೇಶಕಾವಲಿನ ವಿದ್ಯೆ. 1868ರಲ್ಲಿ ತೆಲೆಮಾರ್ಕ್ ಪ್ರಾಂತ್ಯದ ಮೊರ್ಗೆದಾಲ್ ಹಳ್ಳಿಯ ಬಡ ಗೇಣಿದಾರ ಸೊಂದ್ರೆ ನೊರ್‌ಹೈಮ್ ರಾಜಧಾನಿಯ ಸ್ಪರ್ಧೆಗೆ ಬಂದು, ಹಿಮ್ಮಡಿಯ ಸುತ್ತ ಹೊಸೆದ ನಾರು ಬಿಗಿದ ತನ್ನ ಸ್ಕೀಗಳ ಮೇಲೆ ಪೇಟೆಯವರನ್ನು ಬೆರಗುಗೊಳಿಸಿದ. ಆಗ ಅವನಿಗೆ 42 ವರ್ಷ. 1877ರಲ್ಲಿ ಪೇಟೆಯವರದೇ ಸ್ಕೀ ಕ್ಲಬ್ಬು ಬಂತು. 1883ರಲ್ಲಿ ಸ್ಕೀ ಕ್ರೀಡೆಯ ಉತ್ತೇಜನಕ್ಕೆಂದು 'ಶೀಫೋರೆನಿಂಗೆನ್' ಸ್ಥಾಪನೆಯಾಯಿತು. ಇಂದಿಗೂ ಓಸ್ಲೊ ಸುತ್ತಲಿನ ಕಾಡಿನಲ್ಲಿ ಸ್ಕೀದಾರಿ ತೆಗೆಯುವ, ಮಕ್ಕಳಿಗೆ ಸ್ಕೀ ಶಾಲೆ ನಡೆಸುವ ದೊಡ್ಡ ಸಂಸ್ಥೆ ಅದೇ.

ಆ ಸಂಸ್ಥೆಯ ಹೆಸರು ಲೋಕಕ್ಕೆ ಗೊತ್ತಾದದ್ದು ಹೋಲ್ಮೆನ್‌ಕೋಲೆನ್ ಗುಡ್ಡದ ಸ್ಪರ್ಧೆಯಿಂದ. ಸ್ಪರ್ಧೆ ಮೊದಲು ನಡೆಯುತ್ತಿದ್ದದ್ದು ತಗ್ಗಿನ ಹೂಸೆಬಿ ಗುಡ್ಡದಲ್ಲಿ. ಅಲ್ಲಿ ಹಿಮವನ್ನು ನಂಬುವ ಹಾಗಿರಲಿಲ್ಲ. ಹಾಗಾಗಿ 1892ರಲ್ಲಿ ಮೇಲಿನ ಹೋಲ್ಮೆನ್‌ಕೋಲೆನ್‌ಗೆ ಹೋದರು. ಹಿಮ ಬಾರದೆ ಹೋದರೆ ಏನು ಮಾಡುವುದು ಎಂಬ ಚಿಂತೆ ಈ ಸಂಸ್ಥೆಗಳ ಹುಟ್ಟಿನಿಂದಲೇ ಇದೆ ಎಂದು ತಿಳಿದಾಗ, ಇಂದಿನ ನಮ್ಮ ನವೆಂಬರ್ ಸಭೆಗಳ ತಳಮಳ ನನಗೆ ಬೇರೆ ಥರ ಕಂಡಿತು.

1905ರ ಒಂದು ಸಂಗತಿ ನಮ್ಮಂಥವರಿಗೆ ಹತ್ತಿರದ್ದು. ಆ ವರ್ಷ ಸ್ವೀಡನ್‌ನಿಂದ ಬೇರೆಯಾದ ನಾರ್ವೆ, ಡೆನ್ಮಾರ್ಕಿನ ರಾಜಕುಮಾರನೊಬ್ಬನನ್ನು ಕರೆದು ಅರಸನನ್ನಾಗಿ ಮಾಡಿಕೊಂಡಿತು. ಅವನ ಹೆಂಡತಿ ಇಂಗ್ಲೆಂಡಿನವಳು, ಮಗ ಎರಡು ವರ್ಷದ ಕೂಸು. ಮೂವರೂ ಹೊರಗಿನವರೇ. ಅವರು ಮೊದಲು ಮಾಡಿದ ಕೆಲಸಗಳಲ್ಲಿ ಕೂಸಿನ ಕಾಲಿಗೆ ಸ್ಕೀ ಕಟ್ಟಿಸಿದ್ದು ಒಂದು. ಆ ಕೂಸು ಬೆಳೆದು 1922 ಮತ್ತು 1923ರಲ್ಲಿ ಹೋಲ್ಮೆನ್‌ಕೋಲೆನ್ ಸ್ಕೀ ಜಿಗಿತದಲ್ಲಿ ಸ್ಪರ್ಧಿಸಿತು. ಮುಂದೆ ಐದನೇ ಓಲಾವ್ ಎಂಬ ಹೆಸರಿನಲ್ಲಿ ಅರಸನಾಗಿ, 1973ರ ತೈಲ ಬಿಕ್ಕಟ್ಟಿನ ಡಿಸೆಂಬರಿನಲ್ಲಿ, ಭಾನುವಾರ ಕಾರು ಓಡಿಸುವಂತಿಲ್ಲ ಎಂದಾಗ, ಸ್ಕೀ ಹಿಡಿದುಕೊಂಡು ಎಲ್ಲರ ಜೊತೆ ಗುಡ್ಡದ ರೈಲು ಹತ್ತಿದ. ಟಿಕೆಟ್ಟಿಗೆ ಹಣ ಮುಂದೆ ಹಿಡಿದ ಆ ಅರಸನ ಚಿತ್ರ ಇಲ್ಲಿ ಮನೆಮಾತು. ಈಗಿನ ಒಂದನೇ ನಂಬರಿನ ಮೆಟ್ರೋ ಅದೇ ಹಳಿಯ ಮೇಲೆ ಓಡುತ್ತದೆ. ಜನವರಿಯ ಸಂಜೆ ಅದರೊಳಗೆ ನಿಲ್ಲಲು ಜಾಗ ಹುಡುಕುತ್ತ, ಮಗಳ ಸ್ಕೀ ಯಾರ ಕಣ್ಣಿಗೂ ತಾಗದಂತೆ ಹಿಡಿದುಕೊಂಡಾಗಲೆಲ್ಲ ನನಗೆ ಡೆನ್ಮಾರ್ಕಿನಿಂದ ಬಂದ ಆ ಕೂಸು ನೆನಪಾಗುತ್ತದೆ.

ರಾಷ್ಟ್ರೀಯ ಸ್ಕೀ ಒಕ್ಕೂಟ 1908ರದು. ಕಾರ್ಮಿಕರು ತಮ್ಮದೇ ಕ್ರೀಡಾ ಒಕ್ಕೂಟವನ್ನು 1924ರಲ್ಲಿ ಕಟ್ಟಿಕೊಂಡರು; ಒಂದೇ ಬಡಾವಣೆಯಲ್ಲಿ ಎರಡು ಬಣದ ಎರಡು ಕ್ಲಬ್ಬುಗಳಿದ್ದ ಕಾಲ ಅದು. ಇವನ್ನು ಹತ್ತಿರ ತಂದದ್ದು ಯುದ್ಧ. 1940ರಲ್ಲಿ ಜರ್ಮನ್ನರು ದೇಶವನ್ನು ಆಕ್ರಮಿಸಿ, ಕ್ರೀಡಾ ಸಂಸ್ಥೆಗಳನ್ನು ನಾಜಿ ಆಡಳಿತದ ಕೈಗೆ ಕೊಡಲು ಹೊರಟಾಗ ಆಟಗಾರರು ಮುಷ್ಕರ ಹೂಡಿದರು. ಅಧಿಕೃತ ಸ್ಪರ್ಧೆಗಳಿಗೆ ಸ್ಪರ್ಧಿಗಳೂ ಇಲ್ಲ, ಪ್ರೇಕ್ಷಕರೂ ಇಲ್ಲ. ಐದು ವರ್ಷ ಹಾಗೇ ನಡೆಯಿತು. ಆದರೆ ಕಾಡಿನ ಒಳಗೆ, ಬಾಯಿಂದ ಬಾಯಿಗೆ ಸುದ್ದಿ ಹೋಗಿ, ಗುಟ್ಟಾಗಿ ಸ್ಕೀ ಸ್ಪರ್ಧೆಗಳು ನಡೆಯುತ್ತಿದ್ದವು. ಕಚೇರಿ, ಖಾತೆ, ಮೊಹರು ಎಲ್ಲ ಕಳೆದುಕೊಂಡ ಮೇಲೂ ಕ್ಲಬ್ಬು ಉಳಿದಿತ್ತು ಎಂಬುದನ್ನು ನಾನು ಈ ಚರಿತ್ರೆಯ ನಡುಗಂಬ ಎಂದುಕೊಂಡಿದ್ದೇನೆ. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಎರಡೂ ಬಣ ಸೇರಿ ಒಂದೇ ಒಕ್ಕೂಟವಾಯಿತು. ಸರ್ಕಾರಿ ಬೆಟ್ಟಿಂಗ್ ಕಂಪನಿ ನಾರ್ಸ್ಕ್ ತಿಪ್ಪಿಂಗ್ ಆಟ ಶುರು ಮಾಡಿದ್ದು 1948ರಲ್ಲಿ. ಅದರ ಲಾಭದ ಬಹುಪಾಲು ಇಂದಿಗೂ ಕ್ರೀಡೆಗೆ ಬರುತ್ತದೆ. 2009ರಿಂದ ಲಾಟರಿ ಕಟ್ಟುವವರು ತಮ್ಮ ಹಣದ ಒಂದು ಸಣ್ಣ ಪಾಲು ಇಂಥದ್ದೇ ಊರ ಕ್ಲಬ್ಬಿಗೆ ಹೋಗಲಿ ಎಂದು ಹೇಳಬಹುದು.

ನೆಲದ ಮಾತನ್ನೂ ಇಲ್ಲೇ ಹೇಳಬೇಕು. ಮಕ್ಕಳು ಓಡುವ ಕಾಡು ಕ್ಲಬ್ಬಿನ ಸ್ವತ್ತಲ್ಲ. ಕಾಡುಮೇಡಿನಲ್ಲಿ ಎಲ್ಲರಿಗೂ ನಡೆದಾಡುವ ಹಕ್ಕಿದೆ ಎಂಬ ಹಳೆಯ ರೂಢಿಯನ್ನು 1957ರಲ್ಲಿ ಕಾನೂನು ಮಾಡಿದರು. ಓಸ್ಲೊವನ್ನು ಸುತ್ತುವರಿದ 'ಮಾರ್ಕಾ' ಕಾಡಿನೊಳಗೆ ಕಟ್ಟಡ ನುಗ್ಗದಂತೆ 2009ರಲ್ಲಿ ಪ್ರತ್ಯೇಕ ಕಾನೂನು ಬಂತು. ಮರದ ಮೇಲೆ ನೀಲಿ ಬಣ್ಣವಿದ್ದರೆ ಬೇಸಿಗೆಯ ಕಾಲುದಾರಿ, ಕೆಂಪಿದ್ದರೆ ಚಳಿಗಾಲದ ಸ್ಕೀದಾರಿ. ಆರು ವರ್ಷದ ಮಗು ಮೊದಲು ಕಲಿಯುವುದು ಈ ಎರಡು ಬಣ್ಣ.

ಈಗ ಬರಿನೆಲದ ತಾಲೀಮಿಗೆ ಬರುತ್ತೇನೆ. ಆಗಸ್ಟ್ ಕೊನೆಯ ಮಂಗಳವಾರ ಸಂಜೆ ಆರಕ್ಕೆ ಕಾಡಂಚಿನ ಬಯಲಿನಲ್ಲಿ ಸೇರುತ್ತಾರೆ. ಚಿಕ್ಕವರಿಗೆ ತಾಲೀಮು ಎಂದರೆ ಆಟವೇ. ಬಿದ್ದ ಮರದ ಮೇಲೆ ನಡೆಯುವುದು, ತೊರೆಯ ಕಲ್ಲಿನಿಂದ ಕಲ್ಲಿಗೆ ಜಿಗಿಯುವುದು, ಎರಡು ಪಂಗಡ ಮಾಡಿ ಪೈನ್ ಕಾಯಿಗಳನ್ನು ಒಂದು ಬುಟ್ಟಿಯಿಂದ ಇನ್ನೊಂದಕ್ಕೆ ಓಡೋಡಿ ಸಾಗಿಸುವುದು. ನೋಡುವವರಿಗೆ ಸ್ಕೀಗೂ ಇದಕ್ಕೂ ಏನು ಸಂಬಂಧ ಅನ್ನಿಸುತ್ತದೆ. ಸಂಬಂಧ ಒಂದು ಕಾಲಿನದು. ಸ್ಕೀ ಮೇಲೆ ಜಾರುವವರು ಪ್ರತಿ ಹೆಜ್ಜೆಯಲ್ಲೂ ಇಡೀ ಮೈಭಾರವನ್ನು ಒಂದೇ ಕಾಲಿನ ಮೇಲೆ ಹೊತ್ತು ನಿಲ್ಲಬೇಕು. ಹಾಸುಗಲ್ಲಿನ ಪಾಚಿಯ ಮೇಲೆ ಒಂಟಿಕಾಲಿನಲ್ಲಿ ನಿಲ್ಲಲು ಕಲಿತ ಮಗುವಿಗೆ ಡಿಸೆಂಬರಿನಲ್ಲಿ ಹೊಸದಾಗಿ ಕಲಿಯುವುದು ಕಡಿಮೆ.

ಹನ್ನೆರಡು ದಾಟಿದವರ ತಾಲೀಮಿನಲ್ಲಿ ನನಗೆ ಅತ್ಯಂತ ಇಷ್ಟವಾದದ್ದು 'ಎಲ್ಗ್‌ಹುಫ್ಸ್'. ಎಲ್ಗ್ ಎಂದರೆ ಇಲ್ಲಿಯ ಕಾಡಿನ ದೊಡ್ಡ ಕಡವೆ, ಮೂಸ್. ಕಡಿದಾದ ಏರಿನಲ್ಲಿ, ಎರಡು ಕೈಯಲ್ಲೂ ಸ್ಕೀ ಕೋಲು ಹಿಡಿದು, ಆ ಪ್ರಾಣಿಯ ಹಾಗೆ ಚಿಮ್ಮಿ ಚಿಮ್ಮಿ ಹತ್ತುವುದು. ನೆಲ ಒದ್ದೆ, ಬೇರುಗಳು ಜಾರುತ್ತವೆ, ಕೋಲು ಜೌಗಿನಲ್ಲಿ ಹೂತುಹೋಗುತ್ತದೆ. ಒಂದೂವರೆ ನಿಮಿಷ ಹತ್ತುವುದು, ನಿಧಾನಕ್ಕೆ ನಡೆದು ಇಳಿಯುವುದು, ಮತ್ತೆ ಹತ್ತುವುದು. ಹೀಗೆ ಆರೇಳು ಸಲ. ಮೂರನೇ ಸಲದ ಹೊತ್ತಿಗೆ ಮಾತು ನಿಲ್ಲುತ್ತದೆ. ಐದನೆಯದಕ್ಕೆ ತರಬೇತುದಾರ ಮೇಲೆ ನಿಂತು ಒಂದೊಂದೇ ಹೆಸರು ಹಿಡಿದು ಕೂಗುತ್ತಾನೆ: "ಸೊಂಟ ಮೇಲೆ! ಕಾಲು ಪೂರ್ತಿ ನೆಟ್ಟಗೆ ಮಾಡು!" ಹಿಮ್ಮಡಿಯಿಂದ ಸೊಂಟದವರೆಗೆ ಕಾಲನ್ನು ಪೂರ್ತಿ ಬಿಚ್ಚಿ ನೆಲವನ್ನು ತಳ್ಳುವ ಆ ಒಂದು ಚಲನೆಗಾಗಿಯೇ ಇಷ್ಟೆಲ್ಲ.

ರೋಲರ್ ಸ್ಕೀ ಇದಕ್ಕಿಂತ ಅಪಾಯದ್ದು. ಮೊಳಕ್ಕಿಂತ ಉದ್ದದ ಲೋಹದ ಪಟ್ಟಿ, ಎರಡು ತುದಿಗೆ ರಬ್ಬರ್ ಚಕ್ರ, ನಡುವೆ ಸ್ಕೀ ಬೂಟು ಸಿಕ್ಕಿಸುವ ಕೊಂಡಿ. ಸಾಂಪ್ರದಾಯಿಕ ಶೈಲಿಯದರಲ್ಲಿ ಒಂದು ಚಕ್ರ ಹಿಂದಕ್ಕೆ ತಿರುಗದ ಹಾಗೆ ತಡೆ ಇರುತ್ತದೆ, ಇಲ್ಲವಾದರೆ ಏರು ಹತ್ತಲಾಗದು. ಬ್ರೇಕು ಸಾಮಾನ್ಯವಾಗಿ ಇರುವುದಿಲ್ಲ. ಡಾಂಬರಿಗೆ ಕುಟ್ಟುವ ಕೋಲಿನ ಮೊನೆ ಬೇಗ ಮೊಂಡಾಗುತ್ತದೆ, ವಾರಕ್ಕೊಮ್ಮೆ ವಜ್ರದ ಪುಡಿ ಹಚ್ಚಿದ ಅರದಲ್ಲಿ ಚೂಪು ಮಾಡಬೇಕು. ಮಗಳು ಮೊದಲ ಸಲ ಇಳಿಜಾರಿನಲ್ಲಿ ಬಿದ್ದು ಅಂಗೈ, ಮೊಣಕಾಲು, ಗಲ್ಲ ಮೂರನ್ನೂ ತರಚಿಕೊಂಡು ಬಂದ ದಿನ ನಾನು ಕ್ಲಬ್ಬಿಗೆ ಕಳಿಸುವುದೇ ಬೇಡ ಅಂದುಕೊಂಡೆ. ಹೆಲ್ಮೆಟ್ಟೂ ಕೈಗವಸೂ ಇದ್ದುದರಿಂದ ಅಷ್ಟಕ್ಕೇ ಮುಗಿದಿತ್ತು. ಮುಂದಿನ ವಾರ ತರಬೇತುದಾರ ಇಡೀ ಗುಂಪಿಗೆ ಹುಲ್ಲಿನ ಮೇಲೆ ಬೀಳುವುದನ್ನೇ ಒಂದು ಗಂಟೆ ಕಲಿಸಿದ. ಬೇಕೆಂದೇ ಬಿದ್ದು, ಉರುಳಿ, ಎದ್ದು ನಿಲ್ಲುವುದು. ಮಗಳು ಆ ದಿನ ಹುಲ್ಲಿನ ಕಲೆ ಮೆತ್ತಿಕೊಂಡು ನಗುತ್ತ ಮನೆಗೆ ಬಂದಳು.

ಭಾನುವಾರ ದೂರದ ಓಟ. ಎರಡು, ಎರಡೂವರೆ ಗಂಟೆ ಕಾಡಿನಲ್ಲಿ. ಅದಕ್ಕೆ ಒಂದೇ ನಿಯಮ: ಮಾತಾಡುತ್ತ ಹೋಗುವಷ್ಟೇ ವೇಗ. ಇದನ್ನು ನಾರ್ವೆಯವರು 'ಮಾತಿನ ವೇಗ' ಎಂದೇ ಕರೆಯುತ್ತಾರೆ. ಉಸಿರು ಸಿಕ್ಕದೆ ಮಾತು ತುಂಡಾದರೆ ಜೋರಾಯಿತು ಎಂದು ಅರ್ಥ. ಗುಂಪಿನಲ್ಲಿ ಇನ್ನೊಂದು ಕನ್ನಡದ ಹುಡುಗಿ ಇದ್ದಾಳೆ, ಹುಬ್ಬಳ್ಳಿ ಕಡೆಯವರ ಮಗಳು. ಇಬ್ಬರೂ ಓಡುವಾಗ ಮಾತಾಡುವುದು ಕನ್ನಡದಲ್ಲಿ. ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ನಾರ್ವೇಜಿಯನ್‌ನಲ್ಲಿ ಉತ್ತರ ಕೊಡುವವಳು ಅಲ್ಲಿ "ಏ, ಬಾರೇ, ಹಿಂದ್ ಬಿದ್ದಿ" ಎನ್ನುವುದನ್ನು ಸ್ವತಃ ಕೇಳಿದ್ದೇನೆ. ಶನಿವಾರದ ಕನ್ನಡ ತರಗತಿಯಿಂದ ಆಗದ್ದನ್ನು ಈ ಓಟ ಮಾಡಿತು.

ಅಕ್ಟೋಬರ್ ಮೊದಲ ವಾರ ಶರತ್ಕಾಲದ ರಜೆ. ಹಿಂದೆ ಶಾಲೆಮಕ್ಕಳು ಆಲೂಗಡ್ಡೆ ಕೀಳಲು ಹೋಗುತ್ತಿದ್ದ ರಜೆ ಇದು, ಹಳಬರು ಇನ್ನೂ ಆಲೂಗಡ್ಡೆ ರಜೆ ಎಂದೇ ಹೇಳುತ್ತಾರೆ. ಅದರ ಆಸುಪಾಸಿನಲ್ಲಿ ಶಿಬಿರ. ಶಾಲೆಯ ಜಿಮ್ ಕೋಣೆಯ ನೆಲದಲ್ಲಿ ಚಾಪೆ ಹಾಸಿ ಮಲಗುವುದು, ಶುಕ್ರವಾರ ರಾತ್ರಿ ಇಡೀ ನಾರ್ವೆ ತಿನ್ನುವ ಟಾಕೊ, ಶನಿವಾರ ಎರಡು ಹೊತ್ತು ತಾಲೀಮು. ಮಕ್ಕಳ ಸ್ನೇಹ ಗಟ್ಟಿಯಾಗುವುದು ಅಲ್ಲಿ. ಅಡುಗೆ ಅಪ್ಪ ಅಮ್ಮಂದಿರದು. ಒಂದು ವರ್ಷ ನಾನು 40 ಜನಕ್ಕೆ ಬಿಸಿಬೇಳೆಬಾತ್ ಮಾಡಿದೆ, ಖಾರ ಅರ್ಧಕ್ಕೆ ಇಳಿಸಿ. ಪಾತ್ರೆ ತಳ ಕಂಡಿತು.

'ದುಗ್ನಾಡ್' ಎಂಬ ಪದವಿಲ್ಲದೆ ಈ ಚರಿತ್ರೆ ಬರೆಯಲಾಗದು. ನೆರವು ಎಂಬ ಅರ್ಥದ ಹಳೆಯ ನಾರ್ಸ್ ಪದದಿಂದ ಬಂದದ್ದು, 2004ರಲ್ಲಿ ಇದನ್ನು ನಾರ್ವೆಯ ರಾಷ್ಟ್ರಪದ ಎಂದು ಆರಿಸಿದರು. ಕೂಲಿ ಇಲ್ಲದೆ, ಎಲ್ಲರೂ ಸೇರಿ, ಎಲ್ಲರಿಗೂ ಬೇಕಾದ ಕೆಲಸ ಮಾಡುವುದು. ಮಲೆನಾಡಿನವಳಾದ ನನಗೆ ಮೊದಲು ಅನ್ನಿಸಿದ್ದು ಇದು ನಮ್ಮ ಮುಯ್ಯಾಳು ಎಂದು. ಆಮೇಲೆ ವ್ಯತ್ಯಾಸ ತಿಳಿಯಿತು. ಮುಯ್ಯಾಳಿನಲ್ಲಿ ಇವತ್ತು ನಾನು ನಿಮ್ಮ ಗದ್ದೆಗೆ ಬಂದರೆ ನಾಳೆ ನೀವು ನನ್ನ ಗದ್ದೆಗೆ ಬರಬೇಕು. ಮನೆಯಿಂದ ಮನೆಗೆ ಲೆಕ್ಕವಿದೆ. ದುಗ್ನಾಡ್‌ಗೆ ಹತ್ತಿರವಾದದ್ದು ಊರೊಟ್ಟಿನಲ್ಲಿ ಕೆರೆಯ ಹೂಳೆತ್ತುವ ಕೆಲಸ. ನಾನು ಎತ್ತಿದ ಬುಟ್ಟಿ ಯಾರ ಗದ್ದೆಗೆ ನೀರಾಯಿತು ಎಂದು ಯಾರೂ ಕೇಳುವುದಿಲ್ಲ.

ಅಕ್ಟೋಬರಿನ ಒಂದು ಶನಿವಾರ ಸ್ಕೀದಾರಿಯ ದುಗ್ನಾಡ್. ಹಿಮ ದಪ್ಪಗೆ ಬೀಳುತ್ತಿದ್ದ ಕಾಲದಲ್ಲಿ ಕಲ್ಲು, ಬುಡ, ಪೊದೆ ಎಲ್ಲವೂ ಮುಚ್ಚಿಹೋಗುತ್ತಿದ್ದವು. ಈಗ ಓಸ್ಲೊದಲ್ಲಿ ಹಿಮದ ದಿನಗಳು ಕಡಿಮೆಯಾಗಿವೆ, ಬಿದ್ದರೂ ತೆಳ್ಳಗೆ. ಗೇಣುದ್ದ ಹಿಮದಲ್ಲೇ ಯಂತ್ರ ಹಳಿ ಕೊರೆಯಬೇಕೆಂದರೆ ನೆಲವನ್ನು ಮೊದಲೇ ಸಮ ಮಾಡಿರಬೇಕು. ನನ್ನ ಅಪ್ಪ ಸಾಗರದ ಹತ್ತಿರದ ಹಳ್ಳಿಯಿಂದ ಬಂದಿದ್ದ ವರ್ಷ ಅವರನ್ನೂ ಕರೆದುಕೊಂಡು ಹೋದೆ. ಮೊಮ್ಮಗಳ ಉಣ್ಣೆ ಟೋಪಿ, ಅಳಿಯನ ಗಂಬೂಟು. ಒಂದು ಗಂಟೆ ಸುಮ್ಮನೆ ನಿಂತು ನೋಡಿದರು. ಏರಿನ ಬುಡದಲ್ಲಿ ನೀರು ನಿಂತ ಜಾಗಕ್ಕೆ ಗಂಡಸರು ಜಲ್ಲಿ ಸುರಿಯುತ್ತಿದ್ದರು. ಅಪ್ಪ ನನ್ನ ಹತ್ತಿರ ಬಂದು, "ಜಲ್ಲಿ ಎಷ್ಟ್ ಹಾಕಿದ್ರೂ ಕುಡೀತದೆ ಮಾರಾಯ್ತಿ. ನೀರು ಎತ್ಲಾಗಿಂದ ಬರ್ತದೆ ಅಂತ ಮೊದ್ಲು ನೋಡಕ್ ಹೇಳು" ಎಂದರು. ನಾನು ಅನುವಾದಿಸಿದೆ. ಅಡಿಕೆ ತೋಟದ ಬಸಿಗಾಲುವೆ ತೆಗೆದು ಜೀವಮಾನ ಕಳೆದವರು ಅವರು. ಗುದ್ದಲಿ ಇಸಿದುಕೊಂಡು ಇಪ್ಪತ್ತು ಹೆಜ್ಜೆ ಮೇಲೆ ಹೋಗಿ, ದಾರಿಗೆ ಓರೆಯಾಗಿ ಒಂದು ಕಾಲುವೆ ಎಳೆದರು. ಅರ್ಧ ಗಂಟೆಯಲ್ಲಿ ಕೆಳಗಿನ ನೀರು ಬತ್ತತೊಡಗಿತು. ಹತ್ತೂವರೆಗೆ ಕಾಫಿ ಬಂದಾಗ ದಾರಿಯ ಉಸ್ತುವಾರಿ ನೋಡುವವನು ತನ್ನ ಥರ್ಮಾಸಿನಿಂದ ಮೊದಲ ಲೋಟ ಅಪ್ಪನಿಗೆ ಕೊಟ್ಟ. ಇಬ್ಬರಿಗೂ ಸಾಮಾನ್ಯವಾದ ಒಂದು ಪದವಿರಲಿಲ್ಲ. ಮರದ ದಿಮ್ಮಿಯ ಮೇಲೆ ಕೂತು ಇಬ್ಬರೂ ಕಾಲುವೆಯ ಕಡೆ ನೋಡುತ್ತ ಕಾಫಿ ಕುಡಿದರು. ಆ ಕಾಲುವೆಯನ್ನು ಈಗಲೂ ವರ್ಷಕ್ಕೊಮ್ಮೆ ಬಿಡಿಸುತ್ತಾರೆ.

ನವೆಂಬರಿನಲ್ಲಿ ಮೇಣ ಹಚ್ಚುವ ಕಲಿಕೆ. ಕ್ಲಬ್ ಮನೆಯ ನೆಲಮಾಳಿಗೆ, ಉದ್ದ ಬೆಂಚು, ಇಸ್ತ್ರಿಪೆಟ್ಟಿಗೆ, ಕಾದ ಪ್ಯಾರಫಿನ್ ವಾಸನೆ. ಸ್ಕೀಯ ಎರಡು ತುದಿಗೆ ಜಾರುವ ಮೇಣ. ನಡುವಿನಲ್ಲಿ, ಪಾದದ ಕೆಳಗೆ, ಹಿಮವನ್ನು ಕಚ್ಚಿ ಹಿಡಿಯುವ ಮೇಣ. ಮೈಭಾರ ಬಿದ್ದಾಗ ಮಾತ್ರ ನಡುಭಾಗ ಬಾಗಿ ಹಿಮಕ್ಕೆ ತಾಗುತ್ತದೆ, ಹಗುರವಾದಾಗ ಎದ್ದು ಜಾರಗೊಡುತ್ತದೆ. ಯಾವ ಮೇಣ ಎಂಬುದು ಹಿಮದ ಉಷ್ಣಾಂಶದ ಮೇಲೆ. ಸೊನ್ನೆಗಿಂತ ಸ್ವಲ್ಪ ಕೆಳಗಿನ ದಿನಗಳಿಗೆ ಸ್ವಿಕ್ಸ್ ಕಂಪನಿಯ ನೀಲಿ ಡಬ್ಬಿ ಇಲ್ಲಿಯ ಪ್ರತಿ ಮನೆಯ ಡ್ರಾಯರಿನಲ್ಲೂ ಇರುತ್ತದೆಂದರೆ ತಪ್ಪಲ್ಲ. ಹಿಂದೆ ಹೆಚ್ಚು ವೇಗಕ್ಕೆಂದು ಫ್ಲೋರಿನ್ ಬೆರೆತ ದುಬಾರಿ ಪುಡಿ ಬಳಸುತ್ತಿದ್ದರು. ಪ್ರಕೃತಿಯಲ್ಲಿ ಕೊಳೆಯದೆ ಉಳಿಯುವ ವಿಷ ಅದು. ನಾರ್ವೆಯ ಒಕ್ಕೂಟ 2018-19ರ ಋತುವಿನಿಂದ 16ರ ವಯಸ್ಸಿನವರೆಗಿನ ಸ್ಪರ್ಧೆಗಳಲ್ಲಿ ಅದನ್ನು ನಿಷೇಧಿಸಿತು. ಅಂತರರಾಷ್ಟ್ರೀಯ ಒಕ್ಕೂಟದ ಪೂರ್ಣ ನಿಷೇಧ ಜಾರಿಗೆ ಬಂದದ್ದು 2023-24ರಲ್ಲಿ. ದೊಡ್ಡವರಿಗಿಂತ ಐದು ವರ್ಷ ಮೊದಲೇ ಮಕ್ಕಳ ಆರೋಗ್ಯವನ್ನು ಯೋಚಿಸಿದ್ದು ನನಗೆ ಹೆಮ್ಮೆಯ ಸಂಗತಿ.

ಮಕ್ಕಳನ್ನು ಮೊದಲು ಯೋಚಿಸುವ ಈ ಗುಣಕ್ಕೆ ಒಂದು ಲಿಖಿತ ಬುಡವಿದೆ. ಮಗಳು ಸೇರಿದ ಮೊದಲ ಚಳಿಗಾಲ ಕ್ಲಬ್ಬಿನ ಒಳಗೇ ಒಂದು ಸಣ್ಣ ಓಟ ಇಟ್ಟಿದ್ದರು. ಎದೆಗೆ ನಂಬರು ಕಟ್ಟಿಕೊಂಡು ಹೋಗಿ ಬಂದಳು. ನಾನು ಗೆರೆಯ ಹತ್ತಿರ ನಿಂತಿದ್ದವನನ್ನು ಕೇಳಿದೆ: "ನಮ್ಮವಳಿಗೆ ಎಷ್ಟು ನಿಮಿಷ ಆಯಿತು? ಎಷ್ಟನೆಯವಳು?" ಅವನು ಕೈಯಲ್ಲಿದ್ದ ಹಾಳೆ ತೋರಿಸಿದ. ಹೆಸರುಗಳು, ಹೆಸರಿನ ಮುಂದೆ ಬಂದಳು, ಬಂದನು ಎಂಬ ಗುರುತು, ಅಷ್ಟೇ. ಗಡಿಯಾರ ಇರಲೇ ಇಲ್ಲ. ಎಲ್ಲ ಮಕ್ಕಳಿಗೂ ಒಂದೇ ಥರದ ಪದಕ, ಒಂದೊಂದು ಬಿಸಿ ವಾಫಲ್, ಅದರ ಮೇಲೆ ಕಂದು ಚೀಸಿನ ಚೂರು. ಓದು, ಅಂಕ, ರ‍್ಯಾಂಕು ಎಂದೇ ಬೆಳೆದ ನನಗೆ ಆ ಹಾಳೆಯ ಖಾಲಿ ಅಂಕಣ ತಿಂಗಳುಗಟ್ಟಲೆ ಕಾಡಿತು.

ಅದು ಆ ಮನುಷ್ಯನ ಮನಸ್ಸಿಗೆ ಬಂದ ಪದ್ಧತಿಯಲ್ಲ. 1987ರಲ್ಲಿ ರಾಷ್ಟ್ರೀಯ ಕ್ರೀಡಾ ಒಕ್ಕೂಟ ಮಕ್ಕಳ ಕ್ರೀಡೆಗೆ ನಿಯಮಗಳನ್ನು ಮಾಡಿತು. 2007ರಲ್ಲಿ ಮಕ್ಕಳ ಹಕ್ಕುಗಳನ್ನೂ ಬರೆದು ಸೇರಿಸಿತು. ಮಗುವಿಗೆ 11 ತುಂಬುವ ವರ್ಷದವರೆಗೆ ಫಲಿತಾಂಶ ಪಟ್ಟಿಯಿಲ್ಲ, ಶ್ರೇಯಾಂಕವಿಲ್ಲ. ಬಹುಮಾನ ಕೊಟ್ಟರೆ ಎಲ್ಲರಿಗೂ ಕೊಡಬೇಕು. 13 ತುಂಬುವ ವರ್ಷದವರೆಗೆ ರಾಷ್ಟ್ರೀಯ ಚಾಂಪಿಯನ್‌ಷಿಪ್ ಇಲ್ಲ. ಮಕ್ಕಳಿಗೆ ಕ್ರೀಡೆ ನಡೆಸುವ ಪ್ರತಿ ಕ್ಲಬ್ಬಿನಲ್ಲೂ ಮಕ್ಕಳ ವಿಷಯಕ್ಕೆ ಹೊಣೆಗಾರರೊಬ್ಬರು ಇರಲೇಬೇಕು. ಸ್ನೇಹ, ಸುರಕ್ಷತೆ, ತನಗೆ ಬಂತು ಎಂಬ ಖುಷಿ, ಯಾವ ಆಟ ಎಷ್ಟು ಆಡಬೇಕೆಂದು ತಾನೇ ಹೇಳುವ ಸ್ವಾತಂತ್ರ್ಯ, ಇವು ಮಗುವಿನ ಹಕ್ಕು. 2009ರಿಂದ, ಮಕ್ಕಳ ಜೊತೆ ಕೆಲಸ ಮಾಡುವ ಸ್ವಯಂಸೇವಕರು ಪೊಲೀಸರಿಂದ ನಡತೆಯ ಪ್ರಮಾಣಪತ್ರ ತರಬೇಕು. ನಾನೂ ತಂದೆ.

ಸುಮಾರು 55 ಲಕ್ಷ ಜನರ ಈ ದೇಶ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 16 ಚಿನ್ನ ಗೆದ್ದು ಆವರೆಗಿನ ದಾಖಲೆ ಮಾಡಿದಾಗ, ಹೊರದೇಶದ ಪತ್ರಿಕೆಗಳು ಅದಕ್ಕೆ ಈ ನಿಯಮಗಳೇ ಕಾರಣ ಎಂದು ಬರೆದವು. 2025ರಲ್ಲಿ ತ್ರೋಂದ್‌ಹೈಮ್‌ನ ಯೊಹಾನೆಸ್ ಕ್ಲೇಬೊ ತನ್ನದೇ ಊರಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆರಕ್ಕೆ ಆರೂ ಚಿನ್ನ ಗೆದ್ದಾಗಲೂ ಅದೇ ಮಾತು. ಅವನು ಬ್ಯೋಸೆನ್ ಎಂಬ ಬಡಾವಣೆಯ ಕ್ಲಬ್ಬಿನ ಹುಡುಗ, ಅವನ ತರಬೇತುದಾರ ಅವನ ಅಜ್ಜ. ಹಿಮ, ಹಣ, ಪರಂಪರೆ ಎಲ್ಲವೂ ಇರುವ ದೇಶದಲ್ಲಿ ಯಾವುದರಿಂದ ಎಷ್ಟು ಚಿನ್ನ ಬಂತು ಎಂದು ಬಿಡಿಸಿ ಹೇಳುವುದು ಕಷ್ಟ. ಪದಕ ಒಂದೂ ಬಾರದಿದ್ದರೂ ಆ ಖಾಲಿ ಅಂಕಣ ಸರಿಯೇ ಎಂದು ಈಗ ನಾನು ನಂಬುತ್ತೇನೆ. ಮಗಳ ಗುಂಪಿನಲ್ಲಿ ಆರನೇ ವಯಸ್ಸಿನಲ್ಲಿ ಎಲ್ಲರಿಗಿಂತ ಹಿಂದಿದ್ದ ಹುಡುಗನೊಬ್ಬ ಹದಿನಾಲ್ಕರಲ್ಲೂ ಬರುತ್ತಿದ್ದ, ಇನ್ನೂ ಹಿಂದೆಯೇ, ಇನ್ನೂ ನಗುತ್ತ.

ಕೊರತೆಗಳನ್ನು ಮುಚ್ಚಿಟ್ಟು ಚರಿತ್ರೆ ಬರೆಯಬಾರದು. ಹದಿಮೂರು ದಾಟಿದೊಡನೆ ಹವೆ ಬದಲಾಗುತ್ತದೆ. ಶೈಲಿಗೊಂದು, ಹಿಮದ ಬಗೆಗೊಂದು ಎಂದು ಸ್ಕೀಗಳ ಸಂಖ್ಯೆ ಏರುತ್ತದೆ, ತಾಲೀಮಿನ ದಿನಚರಿ ಬರೆಯಬೇಕಾಗುತ್ತದೆ. ಹನ್ನೊಂದರವರೆಗೆ ಜತನದಿಂದ ಕಾಪಾಡಿದ ಮಕ್ಕಳಲ್ಲಿ ಎಷ್ಟೋ ಮಂದಿ ಹದಿನೈದರ ಹೊತ್ತಿಗೆ ಬಿಟ್ಟು ಹೋಗುತ್ತಾರೆ. ವಲಸೆ ಬಂದ ಮನೆಗಳ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಈ ಕ್ಲಬ್ಬುಗಳಲ್ಲಿ ಕಡಿಮೆ. ಹಣ ಒಂದು ಕಾರಣ. ಅಪ್ಪ ಅಮ್ಮಂದಿರಿಗೆ ಸ್ಕೀ ಬಾರದಿರುವುದು, ದುಗ್ನಾಡ್ ಪಟ್ಟಿಯಲ್ಲಿ ತಮ್ಮ ಹೆಸರು ಏಕೆ ಬಂತು ಎಂದು ಯಾರೂ ಬಿಡಿಸಿ ಹೇಳದಿರುವುದು ಇನ್ನೊಂದು. ಪಟ್ಟಿ ಬಂದರೂ ಹೋಗದೆ ಉಳಿದ ಒಂದು ವರ್ಷ ನನಗೂ ಇದೆ, ಅರ್ಥವಾಗದೆ. 2014ರಿಂದ 'ಬುಆ' ಎಂಬ ಸಂಸ್ಥೆಯ ಜಾಲದಿಂದ, ಗ್ರಂಥಾಲಯದಲ್ಲಿ ಪುಸ್ತಕ ತಂದ ಹಾಗೆ, ಸ್ಕೀ ಸಾಮಾನನ್ನು ಎರವಲು ತರಬಹುದು. ಅಕ್ಟೋಬರಿನಲ್ಲಿ ಕ್ಲಬ್ಬಿನದೇ ಹಳೆ ಸಾಮಾನಿನ ಸಂತೆಯೂ ಇರುತ್ತದೆ. ಮಗಳ ಮೊದಲ ಮೂರು ಜೋಡಿ ಸ್ಕೀಗಳು ಆ ಸಂತೆಯವೇ, ಒಂದರ ಮೇಲೆ ಬೇರೆ ನಾಲ್ಕು ಮಕ್ಕಳ ಹೆಸರು ಒಂದರ ಕೆಳಗೊಂದು ಬರೆದಿತ್ತು. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಭಾರತದ ಪರವಾಗಿ ಈ ಆಟದಲ್ಲಿ ಸ್ಪರ್ಧಿಸುವ ಸುದ್ದಿಯನ್ನು ಮನೆಯಲ್ಲಿ ತೋರಿಸಿದ ದಿನ ಮಗಳು ಭೂಪಟ ತೆಗೆದು, "ಅಮ್ಮ, ಕೊಡಗಲ್ಲಿ ಹಿಮ ಬೀಳತ್ತಾ?" ಎಂದು ಕೇಳಿದಳು. ಇಲ್ಲ ಎಂದೆ. "ಹಾಗಾದ್ರೆ ಪೂರ್ತಿ ಬಾರ್‌ಮಾರ್ಕ್" ಎಂದಳು.

ಈಗ ಅವಳಿಗೆ ಹದಿನಾರು. ಸ್ಪರ್ಧೆ ಬಿಟ್ಟಿದ್ದಾಳೆ, ಕ್ಲಬ್ಬು ಬಿಟ್ಟಿಲ್ಲ. ಮಂಗಳವಾರ ಏಳು ವರ್ಷದವರ ಗುಂಪಿಗೆ ಸಹಾಯಕಿ. ಅಕ್ಟೋಬರ್ ಕೊನೆಗೆ ಸಂಜೆ ಆರಕ್ಕೆ ಕತ್ತಲಾಗಿರುತ್ತದೆ, ಮಕ್ಕಳೆಲ್ಲ ಹಣೆಗೆ ದೀಪ ಕಟ್ಟಿಕೊಂಡು ಓಡುತ್ತಾರೆ. ಕಾಡಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಎಣಿಸುವುದು ಅವಳ ಕೆಲಸ. ಹೋದ ವಾರ ನಾನು ಕಾರಿನ ಹತ್ತಿರ ನಿಂತಿದ್ದೆ. ಸಣ್ಣಗೆ ಮಳೆ. ಮರಗಳ ಸಂದಿನಿಂದ ದೀಪಗಳು ಒಂದೊಂದಾಗಿ ಇಳಿದು ಬರುತ್ತಿದ್ದವು, ಅವಳು ಗೇಟಿನ ಬಳಿ ನಿಂತು ಬೆರಳು ಮಡಿಸುತ್ತಿದ್ದಳು. ಹದಿನೇಳು, ಹದಿನೆಂಟು. ಆಮೇಲೆ ಕತ್ತಲು. ಅವಳು ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಏರಿನ ತಿರುವಿನಲ್ಲಿ, ಅಪ್ಪ ಎಳೆದ ಕಾಲುವೆಯ ಹತ್ತಿರ, ಒಂದು ದೀಪ ನೆಲದ ಮಟ್ಟದಲ್ಲಿ ಅಲ್ಲಾಡಿತು. ಯಾರೋ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದರು. ಅದು ಎದ್ದು ನಿಂತಿತು, ಕೆಳಕ್ಕೆ ಓಡಿ ಬಂತು.

"ಹತ್ತೊಂಬತ್ತು" ಎಂದಳು, ಕನ್ನಡದಲ್ಲಿ, ತನ್ನಷ್ಟಕ್ಕೆ.